ಸೀಮೆಎಣ್ಣೆ, ಚಳಿ ಮತ್ತು ದೋಣಿಯ ಎಂಜಿನ್

ಡಿಸೆಂಬರ್ ತಿಂಗಳ ನಸುಕು. ಬೀದರ್ ಜಿಲ್ಲೆಯ ಚಳಿ ರಾಜ್ಯಕ್ಕೇ ಹೆಸರುವಾಸಿ. ಇಂಥ ಬೆಳಗಿನಲ್ಲಿ ಔರಾದ್ ತಾಲ್ಲೂಕಿನ ಸಂತಪುರದ ಕಡೆ ಹೊಲಕ್ಕೆ ನೀರು ಹಾಯಿಸಲು ಹೋಗಿ, ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಪುಟ್ಟ ಪಂಪ್‌ಸೆಟ್ಟಿನೊಡನೆ ಗುದ್ದಾಡಿದ ರೈತನಿಗೆ ಒಂದು ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಮಣಿ ಎಣ್ಣೆ ತಣ್ಣಗಿನ ಎಂಜಿನ್‌ನಲ್ಲಿ ಹೊತ್ತಿಕೊಳ್ಳುವುದಿಲ್ಲ. ಮೊದಲು ಸಣ್ಣ ಟಾಕಿಯ ಪೆಟ್ರೋಲಿನಲ್ಲಿ ಒಂದೆರಡು ನಿಮಿಷ ಓಡಿಸಬೇಕು, ಎಂಜಿನ್ ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆ ಬಿಡಬೇಕು.

ಸಂತಪುರದಿಂದ ಏಳುನೂರು ಕಿಲೋಮೀಟರಿಗೂ ಆಚೆ, ಮಲ್ಪೆ, ಗಂಗೊಳ್ಳಿ, ಮಂಗಳೂರು ಕಡಲ ತೀರದ ನಾಡದೋಣಿ ಮೀನುಗಾರನೂ ಇದೇ ಕಾಕ್ ತಿರುಗಿಸುತ್ತ ಬಂದಿದ್ದಾನೆ. ಅವನ ಎಂಜಿನ್ ಹೊಲದ ಬದುವಿನ ಮೇಲೆ ಕೂತಿರುವುದಿಲ್ಲ, ದೋಣಿಯ ಹೊರಮೈಗೆ ತೂಗುಬಿದ್ದಿರುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಅದರ ಹೆಸರು ಔಟ್‌ಬೋರ್ಡ್ ಎಂಜಿನ್. ಆದರೆ ಪಂಪ್‌ಸೆಟ್ ಕೈಕೊಟ್ಟರೆ ಒಂದು ದಿನದ ನೀರು ತಪ್ಪೀತು. ಮುಂಗಾರಿನಲ್ಲಿ ಅಳಿವೆ ಬಾಗಿಲ ಬಳಿ ದೋಣಿಯ ಎಂಜಿನ್ ಕೈಕೊಟ್ಟರೆ ತಪ್ಪುವುದು ಬೇರೆಯದೇ.

ಬೀದರ್ ಜಿಲ್ಲೆಯಲ್ಲಿ ಮೀನುಗಾರಿಕೆ ಇಲ್ಲವೆಂದಲ್ಲ. ಮಾಂಜ್ರಾ ನದಿ ಇದೆ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವಿದೆ. ಆದರೆ ಅಲ್ಲಿನದು ಅಲೆಯಿಲ್ಲದ ನೀರು, ದೂರವೂ ಕಡಿಮೆ. ತೆಪ್ಪ ಮತ್ತು ಹುಟ್ಟಿಗೆ ಆಗುವ ಕೆಲಸಕ್ಕೆ ಎಂಜಿನ್ ಯಾಕೆ? ಎಂಜಿನ್ ಎಂಬ ಪ್ರಶ್ನೆ ಹುಟ್ಟುವುದೇ ಅಲೆ, ಗಾಳಿ ಮತ್ತು ದೂರ ಮೂರೂ ಸೇರಿದಲ್ಲಿ.

ನಾರ್ವೆಯ ಹುಡುಗ, ಅಮೆರಿಕದ ಕೆರೆ

ದೋಣಿಯ ಹೊರಗೆ ಎಂಜಿನ್ ತೂಗುಹಾಕುವ ಯೋಚನೆ ಮೊದಲಿಗೆ ಫಲ ಕೊಟ್ಟದ್ದು ತಣ್ಣನೆಯ ನಾಡಿನಲ್ಲಿ. ಅಮೆರಿಕದ ಕ್ಯಾಮರಾನ್ ವಾಟರ್‌ಮನ್ ಎಂಬಾತ 1905ರಲ್ಲಿ ಡೆಟ್ರಾಯಿಟ್ ನದಿಯಲ್ಲಿ ಇಂಥದೊಂದನ್ನು ಪರೀಕ್ಷಿಸಿ, 1907ರಲ್ಲಿ ಪೇಟೆಂಟ್ ಪಡೆದ. ಆದರೆ ಹೆಸರು ಉಳಿದದ್ದು ಓಲೆ ಎವಿನ್‌ರೂಡ್‌ನದು. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಹೆತ್ತವರೊಡನೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದವನು. ಪ್ರೇಯಸಿ ಐಸ್‌ಕ್ರೀಂ ಬೇಕೆಂದಳೆಂದು ಬಿಸಿಲಿನಲ್ಲಿ ಕೆರೆಯುದ್ದಕ್ಕೂ ಹುಟ್ಟು ಹಾಕಿ ಸುಸ್ತಾದ ಓಲೆಗೆ ಎಂಜಿನ್ನಿನ ಯೋಚನೆ ಬಂತೆಂಬ ಕಥೆ ಪ್ರಸಿದ್ಧ. ಕಥೆ ಎಷ್ಟು ನಿಜವೋ, ಕಂಪನಿಗೆ ಮಾತ್ರ ಒಳ್ಳೆಯ ಜಾಹೀರಾತಾಯಿತು. 1909ರಲ್ಲಿ ಅವನು ಮಾರಾಟಕ್ಕಿಟ್ಟ ಎಂಜಿನ್ನಿನ ಶಕ್ತಿ ಒಂದೂವರೆ ಅಶ್ವಶಕ್ತಿ, ತೂಕ ಸುಮಾರು 28 ಕಿಲೋ, ಬೆಲೆ 62 ಡಾಲರ್. 1922ರ ಹೊತ್ತಿಗೆ ಜಾನ್ಸನ್ ಸಹೋದರರು ಸುಮಾರು 16 ಕಿಲೋ ತೂಕದ ಎಂಜಿನ್ ತಂದರು. ಜಪಾನಿನ ಯಮಹಾ 1960ರಲ್ಲಿ, ಸುಜುಕಿ 1965ರಲ್ಲಿ ಕಣಕ್ಕಿಳಿದವು. ಓಲೆಯ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತುಹೋಯಿತು.

ಕೆನಡಾದ ಉತ್ತರ ತುದಿ ಮತ್ತು ಗ್ರೀನ್‌ಲೆಂಡಿನಲ್ಲಿ ಸೀಲ್ ಬೇಟೆಯಾಡಿ, ಮೀನು ಹಿಡಿದು ಬದುಕುವ ಇನ್ಯುಯಿಟ್ ಜನರೂ ಚರ್ಮದ ದೋಣಿಗಳ ಜಾಗದಲ್ಲಿ ಇಂಥ ಎಂಜಿನ್ ಹಾಕಿದ ದೋಣಿಗಳನ್ನು ಒಪ್ಪಿಕೊಂಡರು. ಅಲ್ಲಿ ಎಂಜಿನ್ ಆರಿಸುವಾಗ ನೋಡುವುದು ಎಷ್ಟು ವೇಗ ಎಂಬುದನ್ನಲ್ಲ. ಚಳಿಗೆ ಬ್ಯಾಟರಿ ಬಲಗುಂದುತ್ತದೆ, ಹಾಗಾಗಿ ಹಗ್ಗ ಎಳೆದರೂ ಚಾಲೂ ಆಗಬೇಕು. ಗೇರ್ ಪೆಟ್ಟಿಗೆಯ ಎಣ್ಣೆಯಲ್ಲಿ ನೀರು ಸೇರಿದ್ದರೆ ಅದು ಹೆಪ್ಪುಗಟ್ಟಿ ಹಿಗ್ಗಿ ಪೆಟ್ಟಿಗೆಯನ್ನೇ ಸೀಳುತ್ತದೆ. ದಡಕ್ಕೆ ಬಂದ ಮೇಲೆ ಎಂಜಿನ್ನನ್ನು ನೆಟ್ಟಗೆ ನಿಲ್ಲಿಸಿ, ತಂಪುಗೊಳಿಸಲು ಒಳಗೆ ಹರಿದ ನೀರನ್ನು ಪೂರ್ತಿ ಬಸಿಯಬೇಕು. ಮಂಜುಗಡ್ಡೆಗೆ ಪಂಖ ಬಡಿದರೆ ಎಂಜಿನ್ ಮುರಿಯುವ ಬದಲು ತಾನು ತುಂಡಾಗುವ ಒಂದು ಪುಟ್ಟ ಪಿನ್ನು ಕೆಲವು ಎಂಜಿನ್‌ಗಳಲ್ಲಿರುತ್ತದೆ. ಅಂಥ ಪಿನ್ನು ಜೇಬಿನಲ್ಲಿ ನಾಲ್ಕು ಹೆಚ್ಚಿಗೆ ಇರಬೇಕು. ಮತ್ತು ಹುಟ್ಟು. ಹುಟ್ಟನ್ನು ಮನೆಯಲ್ಲಿ ಬಿಟ್ಟು ಬರುವವನು ಕಡಲನ್ನು ಬಲ್ಲವನಲ್ಲ.

ಕರಾವಳಿಗೆ ಬಂದದ್ದು

ಭಾರತದ ಮೀನುಗಾರಿಕೆಗೆ ಯಂತ್ರ ಬಂದದ್ದೂ ಓಲೆಯ ತವರಿನ ನೆರವಿನಿಂದ ಎಂಬುದು ಸ್ವಾರಸ್ಯದ ಸಂಗತಿ. 1953ರಲ್ಲಿ ಕೇರಳದ ಕೊಲ್ಲಂ ಬಳಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆ ಎಂಜಿನ್ ದೋಣಿಗಳ ದಾರಿ ತೆರೆಯಿತು. ಆದರೆ ಅವು ಒಡಲೊಳಗೆ ಎಂಜಿನ್ ಇದ್ದ ಡೀಸೆಲ್ ದೋಣಿಗಳು. ಬಡ ಮೀನುಗಾರನ ದೋಣಿ ಹುಟ್ಟು ಮತ್ತು ಹಾಯಿಯ ಮೇಲೆಯೇ ಉಳಿಯಿತು.

ಕರ್ನಾಟಕದಲ್ಲಿ ಆಗ ರಂಪಣಿಯ ಕಾಲ. ದಡದಲ್ಲಿ ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದ ಆ ದೊಡ್ಡ ಬಲೆ ಊರಿಗೇ ಅನ್ನ ಕೊಡುತ್ತಿತ್ತು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದವು. ಬೂತಾಯಿ, ಬಂಗುಡೆಯ ಹಿಂಡುಗಳನ್ನು ದಡ ಮುಟ್ಟುವ ಮೊದಲೇ ಕಡಲಲ್ಲಿ ಸುತ್ತಿ ಹಿಡಿಯತೊಡಗಿದವು. ಜಗಳಗಳಾದವು. ರಂಪಣಿ ಸೋತಿತು. ಮೀನು ದಡಕ್ಕೆ ಬರದಿದ್ದರೆ ಮೀನಿದ್ದಲ್ಲಿಗೆ ತಾವೇ ಹೋಗಬೇಕು ಎಂಬ ಅನಿವಾರ್ಯದಿಂದ 1980ರ ದಶಕದಲ್ಲಿ ನಾಡದೋಣಿಗಳಿಗೆ ಜಪಾನಿನ ಔಟ್‌ಬೋರ್ಡ್ ಎಂಜಿನ್‌ಗಳು ಏರಿದವು. ರಂಪಣಿಯ ಜಾಗಕ್ಕೆ ಮಾಟುಬಲೆ ಬಂತು. ಇದನ್ನು ಆಧುನೀಕರಣ ಎನ್ನುವುದು ಸುಲಭ. ಅದಕ್ಕಿಂತ ಹೆಚ್ಚಾಗಿ ಅದು ಉಳಿವಿಗಾಗಿ ಓಡಿದ ಓಟ.

ಎಂಜಿನ್ ಜಪಾನಿನದಾದರೂ ಅದರ ಎಣ್ಣೆಯನ್ನು ಆರಿಸಿದ್ದು ನಮ್ಮ ಪಡಿತರ ವ್ಯವಸ್ಥೆ. ಪೆಟ್ರೋಲ್ ದುಬಾರಿ, ಸೀಮೆಎಣ್ಣೆಗೆ ಸರ್ಕಾರದ ರಿಯಾಯಿತಿ. ಹಾಗಾಗಿ ಸೀಮೆಎಣ್ಣೆಯಲ್ಲಿ ಓಡುವ ಮಾದರಿಗಳೇ ಕರಾವಳಿಯನ್ನು ತುಂಬಿದವು. ಸಂತಪುರದ ಮನೆಯ ಸ್ಟೋವಿಗೆ ಸುರಿಯುತ್ತಿದ್ದ ಎಣ್ಣೆಯೇ ಮಲ್ಪೆಯ ದೋಣಿಯನ್ನು ಓಡಿಸಿತು.

ಚಳಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿದ್ದರೂ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆ ಅಷ್ಟು ಆವಿ ಬಿಡಬೇಕಾದರೆ 38 ಡಿಗ್ರಿಯಾದರೂ ಶಾಖ ಬೇಕು. ಮುಂಗಾರಿನ ಕಡಲ ಮೇಲೆ ಮಳೆ ಹೊಡೆಯುವಾಗ ಗಾಳಿಯ ಉಷ್ಣಾಂಶ 24-25 ಡಿಗ್ರಿ. ನಮಗೆ ಅದು ತಂಪು ಮಾತ್ರ, ಆದರೆ ಸೀಮೆಎಣ್ಣೆಗೆ ಬೀದರಿನ ಡಿಸೆಂಬರೂ ಚಳಿಯೇ, ಮಲ್ಪೆಯ ಜುಲೈಯೂ ಚಳಿಯೇ.

ಚಾಲೂ ಮಾಡುವುದಕ್ಕಿಂತ ನಿಲ್ಲಿಸುವುದರಲ್ಲಿ ಹೆಚ್ಚು ಎಚ್ಚರ ಬೇಕು. ಎಂಜಿನ್ ಆರಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾರ್ಬುರೇಟರಿನಲ್ಲಿ ಉಳಿದ ಸೀಮೆಎಣ್ಣೆಯನ್ನು ಸುಟ್ಟು ಮುಗಿಸಬೇಕು. ಪೆಟ್ರೋಲ್ ಉಳಿಸುವ ಆಸೆಗೆ ಸೀಮೆಎಣ್ಣೆಯಲ್ಲೇ ಆರಿಸಿದರೆ, ಬಲೆ ಎಳೆದು ಮುಗಿಸುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ, ಪ್ಲಗ್ಗು ಎಣ್ಣೆಯಲ್ಲಿ ನೆನೆದಿರುತ್ತದೆ, ಹಗ್ಗ ಎಷ್ಟು ಎಳೆದರೂ ಕೆಮ್ಮು ಬಿಟ್ಟು ಬೇರೇನೂ ಬರುವುದಿಲ್ಲ. ಅದು ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಆದರೆ, ಓಟ ನಿಂತ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದು ಅಲೆ ಸಾಕು.

ಈ ಅಪಾಯ ಮಳೆಗಾಲಕ್ಕೇ ಗಂಟುಬೀಳಲು ಕಾನೂನೂ ಒಂದು ಕಾರಣ. ಮೀನಿನ ಸಂತಾನ ಉಳಿಯಲೆಂದು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿವರೆಗಿನ ಎಂಜಿನ್ನಿನ ದೋಣಿಗಳಿಗೆ ಮಾತ್ರ ವಿನಾಯಿತಿ. ದೊಡ್ಡ ದೋಣಿಗಳು ಬಂದರಿನಲ್ಲಿ ಕಟ್ಟಿಕೊಂಡಿರುವ ಈ ಎರಡು ತಿಂಗಳಲ್ಲೇ ಸಿಗಡಿಗೂ ಬಂಗುಡೆಗೂ ಒಳ್ಳೆಯ ಬೆಲೆ. ವರ್ಷದ ಅತಿ ಕೆಟ್ಟ ಕಡಲಿಗೆ ಅತಿ ಚಿಕ್ಕ ಎಂಜಿನ್ ಇಳಿಯುವುದು ಹೀಗೆ. 9.9 ಅಶ್ವಶಕ್ತಿಯ ಎಂಜಿನ್‌ಗಳ ಅಂಕಿ ಕಂಡು ನಗು ಬರಬಹುದು. 10ರ ಮಿತಿಯಿರುವ ಕೆರೆಗಳಿಗಾಗಿ ಅಮೆರಿಕದಲ್ಲೂ ಅದೇ ಅಂಕಿ ಬಳಕೆಯಲ್ಲಿದೆ.

ಈಗ ಸೀಮೆಎಣ್ಣೆಯೇ ಕಡಿಮೆಯಾಗುತ್ತಿದೆ. ಮನೆಮನೆಗೆ ಅಡುಗೆ ಅನಿಲ, ವಿದ್ಯುತ್ ಬಂದಂತೆ ಪಡಿತರದ ಹಂಚಿಕೆ ಕುಗ್ಗಿತು. ಮೀನುಗಾರರ ಪಾಲಿಗಾಗಿ ಕರಾವಳಿಯಲ್ಲಿ ಮತ್ತೆ ಮತ್ತೆ ಕೂಗು ಏಳುತ್ತಿದೆ. ಪೆಟ್ರೋಲಿನ ಫೋರ್ ಸ್ಟ್ರೋಕ್ ಎಂಜಿನ್‌ಗೆ ಬದಲಾಗಿ ಎಂಬುದು ಸಿದ್ಧ ಉತ್ತರ. ಅದರಲ್ಲಿ ಸತ್ಯವಿದೆ. ಹಳೆಯ ಟು ಸ್ಟ್ರೋಕ್ ಎಂಜಿನ್ ತಾನು ಕುಡಿದ ಎಣ್ಣೆಯಲ್ಲಿ ಕಾಲುಭಾಗದಷ್ಟನ್ನು ಸುಡದೆಯೇ ಉಗುಳುವುದುಂಟು, ಫೋರ್ ಸ್ಟ್ರೋಕ್ ಹಾಗಲ್ಲ. ಚಳಿಯಲ್ಲೂ ಒಂದೆರಡು ಎಳೆತಕ್ಕೆ ಚಾಲೂ ಆಗುತ್ತದೆ, ಕಾಕ್ ತಿರುಗಿಸುವ ರಗಳೆಯಿಲ್ಲ. ಆದರೆ ತೂಕ ಹೆಚ್ಚು, ಬೆಲೆ ಹೆಚ್ಚು, ಬಿಡಿಭಾಗವೂ ಹೆಚ್ಚು. ಟು ಸ್ಟ್ರೋಕ್ ಎಂಜಿನ್ನನ್ನು ಒಂದು ಸ್ಪ್ಯಾನರ್, ಒಂದು ಪ್ಲಗ್ಗು ಹಿಡಿದು ದೋಣಿಯಲ್ಲೇ ಬಿಚ್ಚಿ ಜೋಡಿಸಬಲ್ಲ ಮೀನುಗಾರ ಹೊಸದನ್ನು ಮೆಕ್ಯಾನಿಕ್‌ನ ಬಳಿಗೇ ಒಯ್ಯಬೇಕಾಗಬಹುದು. ಹಾಗಾಗಿ ಕೊಳ್ಳುವವನು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅಶ್ವಶಕ್ತಿಯದಲ್ಲ: ಇದರ ಬಿಡಿಭಾಗ ಜುಲೈ ತಿಂಗಳಲ್ಲಿ ನಮ್ಮ ಬಂದರಿನಲ್ಲೇ ಸಿಗುತ್ತದೆಯೇ? ಇಲ್ಲವೆಂದಾದರೆ ಸೀಮೆಎಣ್ಣೆ ಎಂಜಿನ್ನಿನ ಯಜಮಾನ ಸದ್ಯಕ್ಕೆ ಹಳೆಯದನ್ನೇ ಇಟ್ಟುಕೊಂಡು, ಪೆಟ್ರೋಲಿನ ಸಣ್ಣ ಕ್ಯಾನು ತುಂಬಿದೆಯೇ ಎಂದು ಹೊರಡುವ ಮೊದಲು ನೋಡಿಕೊಳ್ಳುತ್ತಾನೆ.