ಹಿಸ್ಟೋನ್ ಮಾರ್ಪಾಡುಗಳು ಮತ್ತು ಪ್ರೋಟಿಯೋಮಿಕ್ಸ್

ಕೋಶಕೇಂದ್ರದಲ್ಲಿ ಡಿಎನ್‌ಎ ಎಳೆ ಸುತ್ತಿಕೊಂಡಿರುವುದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ. 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಇವನ್ನು ಹೆಬ್ಬಾತಿನ ರಕ್ತಕಣಗಳಿಂದ ಬೇರ್ಪಡಿಸಿದರು. ಇವುಗಳಿಗೆ ಅಸಿಟೈಲ್ ಗುಂಪು ಸೇರಿದರೆ ಆರ್‌ಎನ್‌ಎ ತಯಾರಿಕೆಗೆ ಒಡ್ಡುವ ತಡೆ ಸಡಿಲವಾಗುತ್ತದೆಂದು 1964ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರಿ ಮತ್ತು ಸಂಗಡಿಗರು ಹೇಳಿದರು. ಆ ಮಾತಿಗೆ ಬಲ ಬಂದದ್ದು 1996ರಲ್ಲಿ. ಡೇವಿಡ್ ಆಲಿಸ್ ತಂಡ ಟೆಟ್ರಾಹೈಮಿನ ಎಂಬ ಏಕಕೋಶ ಜೀವಿಯಲ್ಲಿ ಅಸಿಟೈಲ್ ಸೇರಿಸುವ ಕಿಣ್ವವನ್ನು ಗುರುತಿಸಿತು. ಯೀಸ್ಟಿನಲ್ಲಿ ಜೀನುಗಳನ್ನು ಚುರುಕುಗೊಳಿಸುವುದೆಂದು ಆಗಲೇ ಗೊತ್ತಿದ್ದ ಜಿಸಿಎನ್5 ಪ್ರೋಟೀನಿನ ಹತ್ತಿರದ ನಂಟ ಅದು.

ಹಿಸ್ಟೋನಿಗೆ ಹೀಗೆ ಅಂಟುವ ರಾಸಾಯನಿಕ ಗುರುತುಗಳನ್ನು ಹುಡುಕಲು ಪ್ರತಿಕಾಯಗಳ ಬಳಕೆ ಹೆಚ್ಚಿತು. ಪ್ರತಿಕಾಯವಾದರೋ ಯಾವುದಕ್ಕೆಂದು ತಯಾರಾಗಿದೆಯೋ ಅದನ್ನಷ್ಟೇ ಹಿಡಿಯುತ್ತದೆ; ಕೆಲವೊಮ್ಮೆ ಅದನ್ನು ಹೋಲುವ ಬೇರೊಂದನ್ನೂ ಹಿಡಿದುಬಿಡುತ್ತದೆ. ಪ್ರೋಟೀನುಗಳನ್ನು ಒಟ್ಟಾಗಿ ಅಭ್ಯಸಿಸುವ ಪ್ರೋಟಿಯೋಮಿಕ್ಸ್‌ನ ಉಪಕರಣವಾದ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಏನು ಹುಡುಕಬೇಕೆಂದು ಮೊದಲೇ ಹೇಳಬೇಕಿಲ್ಲ; ಪ್ರೋಟೀನಿನ ತುಣುಕು ಇರಬೇಕಾದುದಕ್ಕಿಂತ ಭಾರವಾಗಿದ್ದರೆ ಏನೋ ಅಂಟಿದೆ ಎಂದರ್ಥ. ಆದರೆ ಹಿಸ್ಟೋನ್ ಸುಲಭಕ್ಕೆ ಬಗ್ಗಲಿಲ್ಲ. ಪ್ರೋಟೀನು ಕತ್ತರಿಸಲು ಎಲ್ಲರೂ ಬಳಸುವ ಟ್ರಿಪ್ಸಿನ್ ಕಿಣ್ವ, ಲೈಸೀನ್ ಮತ್ತು ಆರ್ಜಿನೀನ್ ಎಂಬ ಅಮೈನೋ ಆಮ್ಲಗಳು ಸಿಕ್ಕಲ್ಲೆಲ್ಲ ಕತ್ತರಿ ಹಾಕುತ್ತದೆ. ಹಿಸ್ಟೋನಿನ ಹೊರಚಾಚಿದ ತುದಿಯ, ಅಂದರೆ ಬಾಲದ, ತುಂಬ ಅವೇ ಇರುವುದರಿಂದ ಸಿಗುವ ಚೂರುಗಳು ಅಳೆಯಲು ಬಾರದಷ್ಟು ಚಿಕ್ಕವು. ಲೈಸೀನುಗಳನ್ನು ಮೊದಲೇ ಪ್ರೊಪಿಯಾನಿಕ್ ಅನ್‌ಹೈಡ್ರೈಡಿನಿಂದ ಮುಚ್ಚಿಬಿಟ್ಟರೆ ಟ್ರಿಪ್ಸಿನ್ ಆರ್ಜಿನೀನಿನ ಬಳಿ ಮಾತ್ರ ಕತ್ತರಿಸುತ್ತದೆ. ವರ್ಜೀನಿಯಾದ ಡೊನಾಲ್ಡ್ ಹಂಟ್, ಅವರ ಶಿಷ್ಯ ಬೆಂಜಮಿನ್ ಗಾರ್ಸಿಯಾ ಮೊದಲಾದವರು ರೂಢಿಗೆ ತಂದ ಈ ಉಪಾಯ ಇಂದಿಗೂ ಚಾಲ್ತಿಯಲ್ಲಿದೆ.

ಇನ್ನೊಂದು ತೊಡಕು ತೂಕದ್ದೇ. ಒಂದು ಅಸಿಟೈಲ್ ಗುಂಪು ಸೇರಿದರೆ ತುಣುಕಿನ ತೂಕ 42.011 ಡಾಲ್ಟನ್ ಏರುತ್ತದೆ. ಮೂರು ಮೀಥೈಲ್ ಸೇರಿದರೆ 42.047. ಎಚ್3 ಎಂಬ ಹಿಸ್ಟೋನಿನ 9ನೇ ಲೈಸೀನಿನಲ್ಲಿ ಮೊದಲನೆಯದು ಚುರುಕಾದ ಜೀನಿನ ಗುರುತು, ಎರಡನೆಯದು ಬಾಯಿ ಮುಚ್ಚಿಸಿದ ಜೀನಿನದು. 0.036 ಡಾಲ್ಟನ್ ಕೈತಪ್ಪಿದರೆ ಅರ್ಥವೇ ತಿರುವುಮುರುವು. 2005ರಲ್ಲಿ ಮಾರುಕಟ್ಟೆಗೆ ಬಂದ ಆರ್ಬಿಟ್ರ್ಯಾಪ್ ಎಂಬ ಮಾಸ್ ಸ್ಪೆಕ್ಟ್ರೋಮೀಟರ್ ಇಂಥ ಅಳತೆಯನ್ನು ನಿತ್ಯದ ಕೆಲಸವಾಗಿಸಿತು.

ಯಾರೂ ಹುಡುಕದಿದ್ದ ಗುರುತುಗಳೂ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಬೆಳಕಿಗೆ ಬಂದವು. ಶಿಕಾಗೋದ ಯಿಂಗ್‌ಮಿಂಗ್ ಜಾವ್ ತಂಡ 2011ರಲ್ಲಿ ಕ್ರೋಟೋನೈಲ್, 2019ರಲ್ಲಿ ಲ್ಯಾಕ್ಟೈಲ್ ಗುರುತನ್ನು ವರದಿ ಮಾಡಿತು. ಎರಡನೆಯದರ ಮೂಲ ಸಕ್ಕರೆ ಒಡೆದಾಗ ಹುಟ್ಟುವ ಲ್ಯಾಕ್ಟೇಟ್; ಜೀನುಗಳ ನಿಯಂತ್ರಣ ಹೀಗೆ ಕೋಶದ ಸಕ್ಕರೆ ಬಳಕೆಗೂ ತಳಕು ಹಾಕಿಕೊಂಡಿತು. ಇದಕ್ಕೂ ಮೊದಲೇ, 2007ರಲ್ಲಿ, ಗುರುತುಗಳನ್ನು ಓದುವ ಪ್ರೋಟೀನುಗಳನ್ನೂ ಮಾಸ್ ಸ್ಪೆಕ್ಟ್ರೋಮೀಟರಿನಿಂದಲೇ ಹಿಡಿಯಲಾಯಿತು: ಎಚ್3ರ 4ನೇ ಲೈಸೀನಿನ ಮೂರು ಮೀಥೈಲಿಗೆ ಆರ್‌ಎನ್‌ಎ ತಯಾರಿಕೆಗೆ ಚಾಲನೆ ಕೊಡುವ ಟಿಎಫ್‌ಐಐಡಿ ಸಂಕೀರ್ಣ ಅಂಟುತ್ತದೆ ಎಂಬುದು ಹಾಗೆ ತಿಳಿಯಿತು.

ಇಷ್ಟಾದರೂ, ಗುರುತು ಯಾವ ಜೀನಿನ ಮೇಲಿತ್ತು ಎಂಬುದನ್ನು ತೂಕ ಹೇಳುವುದಿಲ್ಲ. ಅದಕ್ಕೆ, ಗುರುತಿರುವ ಹಿಸ್ಟೋನನ್ನು ಹಿಡಿದು ಅದಕ್ಕಂಟಿದ ಡಿಎನ್‌ಎ ಓದುವ ಚಿಪ್-ಸೀಕ್‌ನಂಥ ವಿಧಾನ ಬೇಕು, ಅಂದರೆ ಮತ್ತೆ ಪ್ರತಿಕಾಯ.