ಲೆಸ್ (ತಂತ್ರಾಂಶ)

ಲೆಸ್ ಎಂಬುದು ಯುನಿಕ್ಸ್ ಹಾಗೂ ಲಿನಕ್ಸ್‌ನಂತಹ ಯುನಿಕ್ಸ್ ಮಾದರಿಯ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಪಠ್ಯ ಕಡತಗಳನ್ನು ಪರದೆಯ ಅಳತೆಗೆ ತಕ್ಕಂತೆ ಪುಟಪುಟವಾಗಿ ತೋರಿಸುವ ತಂತ್ರಾಂಶ. ಈ ಬಗೆಯ ತಂತ್ರಾಂಶಗಳನ್ನು ಪೇಜರ್ ಎಂದು ಕರೆಯಲಾಗುತ್ತದೆ. ಲೆಸ್ ಕಡತವನ್ನು ಓದಲು ಮಾತ್ರ ತೆರೆಯುತ್ತದೆ; ಅದರಲ್ಲಿ ಯಾವ ಬದಲಾವಣೆಯನ್ನೂ ಮಾಡುವುದಿಲ್ಲ.

ಇತಿಹಾಸ

೧೯೭೮ರಲ್ಲಿ ಡೇನಿಯಲ್ ಹಾಲ್ಬರ್ಟ್ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ‘ಮೋರ್’ ಎಂಬ ಪೇಜರ್ ಬರೆದರು. ಅದರಲ್ಲಿ ಪಠ್ಯ ಮುಂದಕ್ಕೆ ಮಾತ್ರ ಸರಿಯುತ್ತಿತ್ತು. ದಾಟಿಹೋದ ಸಾಲನ್ನು ಮತ್ತೆ ನೋಡಲು ಹಿಂದಕ್ಕೂ ಸರಿಯಬಲ್ಲ ಪೇಜರ್ ಬೇಕೆನಿಸಿ, ಮಾರ್ಕ್ ನುಡೆಲ್‌ಮನ್ ಅವರು ೧೯೮೩ರಿಂದ ೧೯೮೫ರ ಅವಧಿಯಲ್ಲಿ ಲೆಸ್ ಅನ್ನು ರಚಿಸಿದರು. ೧೯೮೫ರ ಮೇ ತಿಂಗಳಲ್ಲಿ ಅದು ಸಾರ್ವಜನಿಕವಾಗಿ ಬಿಡುಗಡೆಯಾಯಿತು. ಇಂಗ್ಲಿಷಿನಲ್ಲಿ ಮೋರ್ ಎಂದರೆ ಹೆಚ್ಚು, ಲೆಸ್ ಎಂದರೆ ಕಡಿಮೆ. ‘ಹಿಂದಕ್ಕೆ ಹೋಗುವ ಮೋರ್’ ಎಂಬ ವಿನೋದದಿಂದ ಈ ಹೆಸರು ಬಂದಿದೆ.

ಕಾರ್ಯವಿಧಾನ

ಲೆಸ್ ಇಡೀ ಕಡತವನ್ನು ಮೊದಲೇ ಓದಿಕೊಳ್ಳದೆ, ಪರದೆಗೆ ಬೇಕಾದ ಭಾಗವನ್ನಷ್ಟೇ ಓದಿ ತೋರಿಸುತ್ತದೆ. ಆದುದರಿಂದ ಬಹು ದೊಡ್ಡ ಕಡತವೂ ತಕ್ಷಣ ತೆರೆದುಕೊಳ್ಳುತ್ತದೆ. ಸಾಮಾನ್ಯ ಕಡತವೊಂದಕ್ಕೆ ಅದು ಪೂರ್ವನಿಯೋಜಿತವಾಗಿ ಬಳಸುವ ತಾತ್ಕಾಲಿಕ ಸ್ಮೃತಿ ೬೪ ಕಿಲೋಬೈಟ್ ಮಾತ್ರ.

ಪರದೆಯಲ್ಲಿರುವ ಪ್ರತಿ ಸಾಲೂ ಕಡತದ ಯಾವ ಬೈಟ್‌ನಿಂದ ಆರಂಭವಾಗುತ್ತದೆ ಎಂಬುದನ್ನು ಲೆಸ್ ಒಂದು ಪಟ್ಟಿಯಲ್ಲಿ ಇರಿಸಿಕೊಳ್ಳುತ್ತದೆ. ಹಿಂದಕ್ಕೆ ಸರಿಯುವಾಗ ಮೇಲಿನ ಸಾಲಿನಿಂದ ಹಿಮ್ಮುಖವಾಗಿ ಹುಡುಕಿ, ಹಿಂದಿನ ಸಾಲು ಎಲ್ಲಿ ಆರಂಭವಾಗುತ್ತದೆಂದು ಕಂಡುಕೊಳ್ಳುತ್ತದೆ. ಸಾಲಿನ ಸಂಖ್ಯೆಯನ್ನು ತಿಳಿಯಲು ಮಾತ್ರ ಅಲ್ಲಿಯವರೆಗಿನ ಸಾಲುಗಳನ್ನೆಲ್ಲ ಎಣಿಸಬೇಕು. ದೊಡ್ಡ ಕಡತದಲ್ಲಿ ಇದಕ್ಕೆ ಸಮಯ ಹಿಡಿಯುತ್ತದೆ. ಪಠ್ಯವು ಪೈಪ್ ಮೂಲಕ ಇನ್ನೊಂದು ತಂತ್ರಾಂಶದಿಂದ ಬರುತ್ತಿದ್ದರೆ ಅದನ್ನು ಎರಡನೆಯ ಸಲ ಓದುವಂತಿಲ್ಲ. ಹಾಗಾಗಿ ಓದಿದ್ದೆಲ್ಲವೂ ಸ್ಮೃತಿಯಲ್ಲಿ ಉಳಿದು, ಸ್ಮೃತಿಯ ಬಳಕೆ ಹೆಚ್ಚುತ್ತಾ ಹೋಗುತ್ತದೆ.

ಬಳಕೆ

ಸ್ಪೇಸ್ ಕೀಲಿ ಒಂದು ಪರದೆ ಮುಂದಕ್ಕೂ ‘ಬಿ’ ಕೀಲಿ ಒಂದು ಪರದೆ ಹಿಂದಕ್ಕೂ ಒಯ್ಯುತ್ತವೆ. ಸಣ್ಣಕ್ಷರದ ‘ಜಿ’ ಕಡತದ ಆರಂಭಕ್ಕೂ ದೊಡ್ಡಕ್ಷರದ ‘ಜಿ’ ಕೊನೆಗೂ ಕರೆದೊಯ್ಯುತ್ತವೆ. ‘/’ ಒತ್ತಿ ಪದವನ್ನು ಬರೆದರೆ ಮುಂದಕ್ಕೆ, ‘?’ ಒತ್ತಿದರೆ ಹಿಂದಕ್ಕೆ ಹುಡುಕಾಟ ನಡೆಯುತ್ತದೆ. ದೊಡ್ಡಕ್ಷರದ ‘ಎಫ್’ ಒತ್ತಿದರೆ ಕಡತದ ಕೊನೆಗೆ ಹೊಸದಾಗಿ ಸೇರುವ ಸಾಲುಗಳು ಆಗಿಂದಾಗ್ಗೆ ಕಾಣಿಸುತ್ತವೆ. ಸರ್ವರ್‌ಗಳ ಲಾಗ್ ಕಡತಗಳನ್ನು ಗಮನಿಸಲು ಇದು ಉಪಯುಕ್ತ. ‘ಕ್ಯೂ’ ಒತ್ತಿದರೆ ತಂತ್ರಾಂಶ ಮುಕ್ತಾಯವಾಗುತ್ತದೆ. ಹಲವು ಲಿನಕ್ಸ್ ವ್ಯವಸ್ಥೆಗಳಲ್ಲಿ ‘ಮ್ಯಾನ್’ ಕೈಪಿಡಿ ಪುಟಗಳು ಲೆಸ್ ಮೂಲಕವೇ ತೆರೆಯುತ್ತವೆ.

ಸುರಕ್ಷತೆ ಮತ್ತು ಇತಿಮಿತಿ

ಲೆಸ್‌ನ ಒಳಗಿನಿಂದ ‘!’ ಬಳಸಿ ಇತರ ಆದೇಶಗಳನ್ನು ನಡೆಸಬಹುದು. ಆದ್ದರಿಂದ ಬಳಕೆದಾರರಿಗೆ ನಿರ್ವಾಹಕರ ಅಧಿಕಾರದಲ್ಲಿ ಲೆಸ್ ನಡೆಸಲು ಅನುಮತಿ ಕೊಟ್ಟರೆ, ಓದುವ ಅನುಮತಿಯೇ ಇಡೀ ವ್ಯವಸ್ಥೆಯ ಮೇಲಿನ ಹಿಡಿತವಾಗಿ ಪರಿಣಮಿಸಬಹುದು. ಇದನ್ನು ತಡೆಯಲು ಅಂತಹ ಸೌಲಭ್ಯಗಳನ್ನು ನಿಷ್ಕ್ರಿಯಗೊಳಿಸುವ ಸುರಕ್ಷಿತ ವಿಧಾನವೂ ಲೆಸ್‌ನಲ್ಲಿದೆ.

ಲೆಸ್ ಯುಟಿಎಫ್-೮ ಸಂಕೇತದ ಪಠ್ಯವನ್ನು ತೋರಿಸಬಲ್ಲದು. ಆದರೆ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದು ಟರ್ಮಿನಲ್ ಮತ್ತು ಫಾಂಟ್‌ಗಳನ್ನು ಅವಲಂಬಿಸಿರುತ್ತದೆ.