ಬಸುರಿಯ 80 ದಿನ ಯಾರ ಪುಸ್ತಕದಲ್ಲಿದೆ?

ಸುಳ್ಯದ ಕಡೆಯ ಒಂದು ಊರನ್ನು ತಗೊಳ್ಳಿ. ಗುಡ್ಡದ ಮೇಲೆ ರಬ್ಬರ್ ಹಾಲು ತೆಗೆಯೋಳು ಒಬ್ಬಳು. ಗುಡ್ಡದ ಬುಡದ ಜಗಲಿಯಲ್ಲಿ ಬೀಡಿ ಕಟ್ಟೋಳು ಒಬ್ಬಳು. ಕೆಳಗಿನ ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕೋಳು ಒಬ್ಬಳು. ಮೂವರೂ ಬಸುರಿ ಅಂತ ಇಟ್ಟುಕೊಳ್ಳಿ. ಪುತ್ತೂರು, ಕಡಬದಲ್ಲೂ ಇದೇ ಕತೆ. ಹೊಟ್ಟೆಯ ಭಾರ ಒಂದೇ; ಕಾನೂನಿನ ತಕ್ಕಡಿಯಲ್ಲಿ ಮಾತ್ರ ಮೂರು ತೂಕ. ಇದು ಹೇಗಾಯ್ತು ಅಂತ ನಾವು ಚರಿತ್ರೆಯನ್ನೇ ಕೇಳಬೇಕು.

1928ರ ಜುಲೈನಲ್ಲಿ ಮುಂಬಯಿ ಶಾಸನ ಸಭೆಯ ಮುಂದೆ ಹೆರಿಗೆ ಮಸೂದೆ ಬಂತು. ಬಾಬಾಸಾಹೇಬರು ಎದ್ದು ನಿಂತು ಮಾತಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಆದ್ದರಿಂದ ಹೊರೆಯ ಬಹುಪಾಲು ಸರಕಾರ ಹೊರಬೇಕು. ಆದರೆ ಹೆಣ್ಣಾಳಿನ ದುಡಿಮೆಯಿಂದ ಲಾಭ ಪಡೆಯೋ ಧಣಿಯೂ ಜಾರಿಕೊಳ್ಳುವಂತಿಲ್ಲ ಅನ್ನೋದು ಅವರ ವಾದ. 1929ರಲ್ಲಿ ಅಲ್ಲಿ ಕಾನೂನಾಯ್ತು. ನಮ್ಮ ಜಿಲ್ಲೆ ಆಗ ಮದ್ರಾಸಿನದು. ಮದ್ರಾಸಿನ ಕಾನೂನು 1934ರಲ್ಲಿ ಬಂತು. ಅದೂ ಕಾರ್ಖಾನೆಯ ಹೆಂಗಸರಿಗೆ. ಧಣಿಗಳ ತೋಟದ ಮೂಲದಾಳಿನ ಹೆಂಡತಿಗೆ ಕಾರ್ಖಾನೆ ಎಲ್ಲಿತ್ತು?

ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 160 ದಿನ ದುಡಿದಿರಬೇಕಿತ್ತು. 1988ರ ತಿದ್ದುಪಡಿ ಅದನ್ನು 80ಕ್ಕೆ ಇಳಿಸಿತು. ರಜೆ 12 ವಾರ ಇದ್ದದ್ದು 2017ರಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಆಯ್ತು. ಸಿಗೋದು ರಜೆಗೆ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿ. ಬಸುರಿ ಅಂತ ರುಜುವಾತು ಕೊಟ್ಟರೆ ಹೆರಿಗೆಗೆ ಮುಂಚಿನ ಪಾಲು ಮುಂಗಡವಾಗಿ, ಹೆತ್ತ ರುಜುವಾತು ಕೊಟ್ಟ 48 ಗಂಟೆಯೊಳಗೆ ಉಳಿದದ್ದು. ರಜೆಯಲ್ಲಿದ್ದವಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. 2025ರ ನವೆಂಬರ್ 21ರಂದು ಈ ಕಾಯಿದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. 80 ದಿನ, 26 ವಾರ ಹಾಗೇ ಉಳಿದಿವೆ.

ದುಡ್ಡು ಯಾರದು? ಇ.ಎಸ್.ಐ. ಇರೋ ಕಡೆ ಆ ನಿಧಿಯದು. ಉಳಿದ ಕಡೆ ಪೂರ್ತಿ ಧಣಿಯದು. 1928ರಲ್ಲಿ ಕೇಳಿದ ಸರಕಾರದ ಪಾಲು ಇಲ್ಲಿ ಬರಲೇ ಇಲ್ಲ. ಅದಕ್ಕೇ 80 ದಿನ ತುಂಬೋ ಮುಂಚೆ ಹೆಸರು ಹೊಡೆದುಹಾಕೋ ಆಸೆ ಧಣಿಗೆ.

ರಬ್ಬರಿನವಳ ಹೆಸರು ಹಾಜರಿ ಪುಸ್ತಕದಲ್ಲಿದೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಸಿಲೋನಿನಿಂದ ಬಂದ ತಮಿಳು ಕೂಲಿಗಳನ್ನು ಸುಳ್ಯ, ಪುತ್ತೂರಿನ ರಬ್ಬರಿಗೆ ತಂದಿಟ್ಟರು. 1971ರಲ್ಲಿ ಹುಟ್ಟಿದ ಅರಣ್ಯ ಅಭಿವೃದ್ಧಿ ನಿಗಮ ಆ ತೋಟಗಳ ಒಡೆಯ. ತೋಟ ಅಂದರೆ ಕಾನೂನಿನ ಒಳಗೆ. ಒಳಗಿದ್ದವಳೂ ದಿನದ ಲೆಕ್ಕಕ್ಕೆ ಬಡಿದಾಡಬೇಕು. ಕೊಯಮತ್ತೂರು ಕಡೆಯ ತೋಟವೊಂದು 12 ವಾರಕ್ಕೆ ಭಾನುವಾರ ಕಳೆದು 72 ದಿನದ ದುಡ್ಡು ಕೊಟ್ಟಿತ್ತು. ಆ ಹೆಣ್ಣಾಳು 84 ದಿನದ್ದು ಕೇಳಿದಳು. 1977ರಲ್ಲಿ ಸುಪ್ರೀಂ ಕೋರ್ಟು ಅವಳ ಲೆಕ್ಕವೇ ಸರಿ ಅಂದಿತು. ಹೊಟ್ಟೆಯೊಳಗಿನ ಕೂಸಿಗೆ ಭಾನುವಾರ ಹಸಿವಾಗೋದಿಲ್ಲವೆ?

ಬೀಡಿಯವಳ ಹತ್ತಿರ ಪಾಸ್‌ಬುಕ್ಕಿದೆ. ಮನೆಯಲ್ಲಿ ಕೂತು ಕಟ್ಟೋಳೂ ಕಾರ್ಮಿಕಳೇ ಅಂತ 1966ರ ಬೀಡಿ ಕಾನೂನು ಒಪ್ಪಿತು; ಹೆರಿಗೆ ಕೂಲಿಯನ್ನೂ ಕೊಟ್ಟಿತು. ಆದರೆ ಹೆರಿಗೆಯ ವೈದ್ಯಕೀಯ ಬೋನಸ್ಸನ್ನೂ ಬಸುರಿನ ಕಾಯಿಲೆಯ ರಜೆಯನ್ನೂ ಅವಳಿಗೆ ಬಿಟ್ಟುಬಿಟ್ಟಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು; 1974ರಲ್ಲಿ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಆ ಕಾನೂನೂ 2025ರ ಅದೇ ದಿನ ಸಂಹಿತೆಗಳೊಳಗೆ ಕರಗಿತು. ಗೆದ್ದದ್ದು ಕೈಜಾರದ ಹಾಗೆ ನೋಡಿಕೊಳ್ಳಬೇಕಾದವರು ನಾವು. ಇನ್ನೊಂದು ಮಾತು: ಅತ್ತೆಯ ಪುಸ್ತಕದಲ್ಲಿ ಸೊಸೆ ಕಟ್ಟಿದರೆ ಸೊಸೆಯ 80 ದಿನ ಎಲ್ಲಿ?

ಅಡಿಕೆಯವಳಿಗೆ ಯಾವ ಪುಸ್ತಕವೂ ಇಲ್ಲ. 1951ರ ತೋಟ ಕಾರ್ಮಿಕ ಕಾನೂನು ಹೆಸರಿಸಿದ್ದು ಚಹಾ, ಕಾಫಿ, ರಬ್ಬರ್, ಸಿಂಕೋನಾ. ಈ ಸೀಮೆಗೆ ಅನ್ನ ಕೊಟ್ಟ ಅಡಿಕೆ ಅದರಲ್ಲಿಲ್ಲ. ನಾಲ್ಕು ಆಳಿನ ಅಡಿಕೆ ತೋಟ ಇವತ್ತೂ ಹೊರಗೇ. ಅವಳಿಗೆ ಉಳಿದದ್ದು 2017ರ ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ. 26 ವಾರ ಅಂದರೆ 182 ದಿನ. ದಿನಕ್ಕೆ 300 ಅಂತ ಹಿಡಿದರೂ 54,600. ಒಂದೇ ಊರಿನ ಇಬ್ಬರು ಬಾಣಂತಿಯರ ನಡುವಿನ ಅಂತರ ಇಷ್ಟು.

"ನೀನು ಕಾಯಂ ಅಲ್ಲ" ಅಂತ ಯಾರಾದರೂ ಹೇಳಿದರೆ 2000ದ ತೀರ್ಪು ನೆನಪಿಸಿ. ದಿಲ್ಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಸುಪ್ರೀಂ ಕೋರ್ಟು ಹೇಳಿದೆ. ಹೆಂಗಸರೇ, ನಿಮ್ಮ ಹಾಜರಿ ನೀವೇ ಬರೆದಿಡಿ. ಓದು ಬಾರದಿದ್ದರೆ ಗೋಡೆಯ ಮೇಲೆ ಮಸಿಗೆರೆ ಎಳೆಯಿರಿ. ಇದು ದಾನ ಅಲ್ಲ, ಕೂಲಿ. ಅಡಿಕೆ ಹೆಕ್ಕೋಳ ದಿನಗಳನ್ನು ಪುಸ್ತಕದಲ್ಲಿ ಬರೆಯಿರಿ, 1928ರಲ್ಲಿ ಕೇಳಿದ ಪಾಲನ್ನು ಸರಕಾರ ಹಾಕಲಿ. ನಾವು ಕೇಳೋದು ಇಷ್ಟೇ.